ಅಡುಗೆಮನೆ ಪ್ರಶ್ನೋತ್ತರ: ಚೀಲದಲ್ಲಿ ಬಂದ ತರಕಾರಿಗೆ ತಕ್ಕ ಅಡುಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ರೈತರ ಗುಂಪುಗಳಿಂದ ವಾರಕ್ಕೊಮ್ಮೆ ಮನೆಗೆ ಬರುವ ತರಕಾರಿ ಚೀಲವನ್ನಾಗಲಿ, ಸಂತೆಯಲ್ಲಿ ಚೆನ್ನಾಗಿ ಕಂಡಿತೆಂದು ತಂದ ಸೊಪ್ಪು, ಕಾಯಿಗಳನ್ನಾಗಲಿ ಕೆಡದಂತೆ ಬಳಸಿ ದಿನದ ಅಡುಗೆ ಮಾಡುವುದು ಹೇಗೆಂದು ಓದುಗರು ಕೇಳಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ರೈತರ ಗುಂಪೊಂದಕ್ಕೆ ಮುಂಗಡ ಹಣ ಕಟ್ಟಿದ್ದೇವೆ. ಪ್ರತಿ ಶನಿವಾರ ಚೀಲ ಬರುತ್ತದೆ, ಆದರೆ ಅದರಲ್ಲಿ ಏನಿರುತ್ತದೆಂದು ಮೊದಲೇ ತಿಳಿಯುವುದಿಲ್ಲ. ಕಳೆದ ವಾರ ಎರಡು ಕಟ್ಟು ದಂಟಿನ ಸೊಪ್ಪು, ಎಲೆಸಮೇತ ಮೂಲಂಗಿ, ನವಿಲುಕೋಸು, ಹೀರೆಕಾಯಿ, ಸೀಮೆಬದನೆ, ಒಂದು ಹೋಳು ಸಿಹಿಗುಂಬಳ ಹಾಗೂ ಟೊಮೆಟೊ ಬಂದಿದ್ದವು. ಯಾವ ಪಾಕವಿಧಾನ ನೋಡಿದರೂ ಮನೆಯಲ್ಲಿಲ್ಲದ ಇನ್ನೊಂದು ತರಕಾರಿ ಬೇಕಾಗುತ್ತದೆ. ಬುಧವಾರದ ಹೊತ್ತಿಗೆ ಅರ್ಧ ಚೀಲ ಬಾಡಿರುತ್ತದೆ. ದಾರಿ ತೋರಿಸಿ.
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಪಾಕವಿಧಾನವನ್ನು ಮೊದಲು ಆರಿಸಿ, ಅದಕ್ಕೆ ಬೇಕಾದ ತರಕಾರಿಯನ್ನು ಆಮೇಲೆ ತರುವುದು ಅಂಗಡಿ ಪಕ್ಕದಲ್ಲಿರುವವರ ಕ್ರಮ. ಚೀಲ ತರಿಸಿಕೊಳ್ಳುವವರಿಗೆ ಅದು ಹೊಂದುವುದಿಲ್ಲ. ನಮ್ಮ ಹುಳಿ, ಪಲ್ಯ, ಗೊಜ್ಜು, ಕೂಟು, ಸಾಸಿವೆ, ಮಜ್ಜಿಗೆ ಹುಳಿ, ತಂಬುಳಿ, ಬಸ್ಸಾರು ಇವೆಲ್ಲವೂ ಮಾಡುವ ಬಗೆಗಳೇ ಹೊರತು ಒಂದೊಂದು ತರಕಾರಿಗೆ ಕಟ್ಟಿಹಾಕಿದ ಅಡುಗೆಗಳಲ್ಲ. ಇವುಗಳಲ್ಲಿ ಆರೇಳು ಬಗೆಗಳು ಕೈಗೆ ಹತ್ತಿದರೆ, ಚೀಲದಿಂದ ಏನೇ ಹೊರಬಂದರೂ ಅದು ಯಾವ ಬಗೆಗೆ ಸೇರಬೇಕೆಂಬುದಷ್ಟೇ ಪ್ರಶ್ನೆಯಾಗಿ ಉಳಿಯುತ್ತದೆ.

ಶನಿವಾರ ಚೀಲ ಬಂದ ಕೂಡಲೇ ಅರ್ಧ ಗಂಟೆ ಅದಕ್ಕಾಗಿ ತೆಗೆದಿಡಿ. ಮೂಲಂಗಿ ಮತ್ತು ನವಿಲುಕೋಸಿನ ಎಲೆಗಳನ್ನು ಮೊದಲು ಕತ್ತರಿಸಿ ಬೇರ್ಪಡಿಸಿ. ಎಲೆ ಹಾಗೆಯೇ ಇದ್ದರೆ ಅದು ಗಡ್ಡೆಯ ನೀರನ್ನು ಎಳೆದುಕೊಳ್ಳುತ್ತದೆ, ಎರಡೇ ದಿನದಲ್ಲಿ ಮೂಲಂಗಿ ಬೆಂಡಾಗುತ್ತದೆ. ಸೊಪ್ಪನ್ನು ತೊಳೆಯಬೇಡಿ. ಕೊಳೆತ ಎಲೆಗಳನ್ನು ಆರಿಸಿ ತೆಗೆದು, ಬೇರು ಕತ್ತರಿಸಿ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ತೊಳೆಯುವುದು ಅಡುಗೆಗೆ ಕೂತಾಗ. ಕುಂಬಳದ ಹೋಳು ಕೆಡಲು ಶುರುವಾಗುವುದು ಬೀಜವಿರುವ ಮೆತ್ತನೆಯ ತಿರುಳಿನಿಂದ, ಆದ್ದರಿಂದ ಅದನ್ನು ಚಮಚದಿಂದ ಕೆರೆದು ತೆಗೆದರೆ ಹೋಳು ಇನ್ನೂ ನಾಲ್ಕೈದು ದಿನ ಗಟ್ಟಿಯಾಗಿರುತ್ತದೆ. ಟೊಮೆಟೊ ಹಣ್ಣನ್ನು ಹೊರಗೇ ಇಡಿ, ಅತಿ ಶೀತದಲ್ಲಿ ಅದರ ಪರಿಮಳ ಹೋಗುತ್ತದೆ.

ಬಾಡುವುದಕ್ಕೆ ಮುಂಚೆ ಬಳಸಬೇಕಾದದ್ದು ಯಾವುದು, ಕಾಯಬಲ್ಲದ್ದು ಯಾವುದು ಎಂಬುದೇ ವಾರದ ಅಡುಗೆಯ ಅನುಕ್ರಮ. ನಿಮ್ಮ ಚೀಲದಲ್ಲಿ ದಂಟು ಮತ್ತು ಮೂಲಂಗಿ ಎಲೆ ಮೊದಲು, ಹೀರೆಕಾಯಿ ಎರಡನೆಯದು, ಮೂಲಂಗಿ ಮತ್ತು ಕುಂಬಳ ಆಮೇಲೆ. ನವಿಲುಕೋಸೂ ಸೀಮೆಬದನೆಯೂ ಮುಂದಿನ ಶನಿವಾರದವರೆಗೂ ತಾಳಿಕೊಳ್ಳುತ್ತವೆ. ಎಷ್ಟೋ ಮನೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ಗಡ್ಡೆಗೆಣಸು ಸುಲಭವೆಂದು ಮೊದಲು ಅವನ್ನು ಮುಗಿಸಿ, ಸೊಪ್ಪು ಬಿಡಿಸಲು ಪುರುಸೊತ್ತು ಬೇಕೆಂದು ಅದನ್ನು ಮುಂದೂಡುತ್ತಾರೆ.

ಎರಡು ಕಟ್ಟು ಸೊಪ್ಪನ್ನು ಒಂದೇ ಏಟಿಗೆ ಮುಗಿಸಲು ಬಸ್ಸಾರಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಒಂದೇ ಪಾತ್ರೆಯಿಂದ ಸಾರೂ ಪಲ್ಯವೂ ಹೊರಡುತ್ತವೆ. ಅರ್ಧ ಲೋಟ ತೊಗರಿಬೇಳೆಯನ್ನೋ ಹೆಸರುಕಾಳನ್ನೋ ತೆರೆದ ಪಾತ್ರೆಯಲ್ಲಿ ಧಾರಾಳವಾಗಿ ನೀರಿಟ್ಟು ಮುಕ್ಕಾಲು ಬೇಯಿಸಿ. ಬೇಳೆ ಬೆರಳಿಗೆ ಮೆತ್ತಗೆ ಸಿಗಬೇಕು, ಆದರೆ ಕರಗಿರಬಾರದು. ಕುಕ್ಕರಿನಲ್ಲಿ ಇಟ್ಟರೆ ಸಾಮಾನ್ಯವಾಗಿ ಕರಗಿಯೇ ಹೋಗುತ್ತದೆ, ಆಮೇಲೆ ಬಸಿಯಲು ಏನೂ ಉಳಿಯದು. ಈಗ ಹೆಚ್ಚಿದ ದಂಟಿನ ಕಡ್ಡಿಯನ್ನು ಹಾಕಿ, ಐದು ನಿಮಿಷದ ನಂತರ ಅದರ ಎಲೆಯನ್ನೂ ಮೂಲಂಗಿ ಎಲೆಯನ್ನೂ ಉಪ್ಪನ್ನೂ ಸೇರಿಸಿ, ಸೊಪ್ಪು ಬೆಂದ ಮೇಲೆ ಬೇಯಿಸಿದ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು, ಜೀರಿಗೆ, ಒಣಮೆಣಸಿನಕಾಯಿಗಳನ್ನು ಸ್ವಲ್ಪ ಎಣ್ಣೆಯಲ್ಲಿ ಹುರಿದು, ಧನಿಯ, ತೆಂಗಿನತುರಿ, ಹುಣಸೆಹಣ್ಣು ಮತ್ತು ಬೆಂದ ಸೊಪ್ಪುಬೇಳೆಯಲ್ಲಿ ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ, ಬಸಿದ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು ಸಿದ್ಧ. ಆ ಒಂದು ಸೌಟನ್ನು ಬಿಟ್ಟರೆ ಸಾರು ತೆಳ್ಳಗಾಗಿ, ನೀರು ಬೇರೆ ಖಾರ ಬೇರೆಯಾಗಿ ನಿಲ್ಲುತ್ತದೆ. ಉಳಿದ ಸೊಪ್ಪುಬೇಳೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಶನಿವಾರ ರಾತ್ರಿ ಮುದ್ದೆಯ ಜತೆಗೆ ಬಡಿಸಿ. ಭಾನುವಾರ ಬೆಳಗ್ಗೆ ಮತ್ತೆ ಕುದಿಸಿದ ಸಾರು ಇನ್ನೂ ಹದವಾಗಿರುತ್ತದೆ.

ಹೀರೆಕಾಯಿಯಿಂದಲೂ ಎರಡು ಅಡುಗೆ ಆಗುತ್ತವೆ: ತಿರುಳಿನಿಂದ ಹೆಸರುಬೇಳೆಯ ತೊವ್ವೆ, ಹೆರೆದ ಸಿಪ್ಪೆಯನ್ನು ಕಡಲೆಬೇಳೆ, ಉದ್ದಿನಬೇಳೆ, ಮೆಣಸಿನಕಾಯಿಗಳೊಂದಿಗೆ ಹುರಿದು ಹುಣಸೆಹಣ್ಣು ಸೇರಿಸಿ ರುಬ್ಬಿದ ಚಟ್ನಿ. ಸೀಮೆಬದನೆಯ ಸಿಪ್ಪೆಗೂ ಇದೇ ಕ್ರಮ. ಉಳಿದವುಗಳಲ್ಲಿ ಮೂಲಂಗಿ ಹುಳಿಗೆ, ಕುಂಬಳ ಪಲ್ಯಕ್ಕೆ, ನವಿಲುಕೋಸು ಸಾಗುವಿಗೆ ಅಥವಾ ಹಸಿಯಾಗಿಯೇ ತುರಿದು ಹೆಸರುಬೇಳೆ ಕೋಸಂಬರಿಗೆ.

ಪ್ರಶ್ನೆ: ಒಂದು ತರಕಾರಿ ಇಲ್ಲದಾಗ ಇನ್ನೊಂದನ್ನು ಹಾಕಬಹುದೆಂದು ಹಿಂದೊಮ್ಮೆ ಬರೆದಿದ್ದಿರಿ. ಬೂದುಗುಂಬಳದ ಬದಲು ಮೂಲಂಗಿ ಹಾಕಿ ಮಜ್ಜಿಗೆ ಹುಳಿ ಮಾಡಿದೆ, ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಯಾವುದಕ್ಕೆ ಯಾವುದು ಬದಲು ಎಂದು ತಿಳಿಯುವುದು ಹೇಗೆ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಮುಟ್ಟದವರ ಮೇಲೆ ತಪ್ಪು ಹೊರಿಸಲಾರೆ. ಎರಡೂ ಬೆಳ್ಳಗಿವೆ, ಎರಡರಲ್ಲೂ ನೀರಿದೆ, ನಿಜ. ಆದರೆ ಮೂಲಂಗಿಗೆ ತನ್ನದೇ ಘಾಟಿದೆ, ಬೂದುಗುಂಬಳಕ್ಕೆ ಅದಿಲ್ಲ. ಬದಲಿಸುವಾಗ ಬಣ್ಣವನ್ನಾಗಲಿ ಆಕಾರವನ್ನಾಗಲಿ ನೋಡದೆ, ಬೆಂದಾಗ ಅದು ಹೇಗೆ ವರ್ತಿಸುತ್ತದೆಂದು ನೋಡಬೇಕು. ಬೂದುಗುಂಬಳ, ಸೋರೆ, ಪಡವಲ, ಹೀರೆ, ಸೀಮೆಬದನೆ, ಸೌತೆ ಇವು ನೀರು ತುಂಬಿದ, ಸಪ್ಪೆಯಾದ, ಬೇಗ ಬೇಯುವ ಕಾಯಿಗಳು. ಮಜ್ಜಿಗೆ ಹುಳಿಗೂ ಕೂಟಿಗೂ ಇವುಗಳಲ್ಲಿ ಯಾವುದಾದರೂ ಸರಿ. ಆಲೂಗಡ್ಡೆ, ಬಾಳೆಕಾಯಿ, ಸುವರ್ಣಗಡ್ಡೆ, ಹಲಸಿನ ಬೀಜ ಇವು ಹಿಟ್ಟಿನಂಶದವು, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ, ಆದರೆ ಬೇಯುವ ಹೊತ್ತು ಬೇರೆ ಬೇರೆ. ಮೂಲಂಗಿ, ನವಿಲುಕೋಸು, ಎಲೆಕೋಸು ಇವು ಘಾಟಿನವು. ಇವುಗಳಿಗೆ ತೊಗರಿಬೇಳೆ, ಹುಣಸೆ, ಸಾರಿನ ಪುಡಿಯ ಗಟ್ಟಿ ಹುಳಿಯೇ ಸರಿಯಾದ ಜೊತೆ, ಅದನ್ನೂ ಮೊದಲ ಐದು ನಿಮಿಷ ಮುಚ್ಚಳ ತೆಗೆದಿಟ್ಟು ಬೇಯಿಸಬೇಕು. ಹಾಗಲ, ಮೆಂತ್ಯ ಮುಂತಾದ ಕಹಿಯವಕ್ಕೆ ಹುಣಸೆ, ಬೆಲ್ಲಗಳ ಗೊಜ್ಜು. ಬೆಂಡೆಕಾಯಿ ಈ ಯಾವ ಪಂಗಡಕ್ಕೂ ಸೇರದ ಒಂಟಿ. ಎಣ್ಣೆಯಲ್ಲಿ ಲೋಳೆ ಹೋಗುವಂತೆ ಹುರಿದುಕೊಂಡರೆ ಮಾತ್ರ ಅದನ್ನು ಮಜ್ಜಿಗೆ ಹುಳಿಗೂ ಗೊಜ್ಜಿಗೂ ನಂಬಬಹುದು.

ಇನ್ನೊಂದು ಮಾತು. ತರಕಾರಿ ಯಾವುದೇ ಇರಲಿ, ಅದು ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಹಾಕಿ. ಹುಳಿ ಮೊದಲೇ ಬಿದ್ದರೆ ಹೋಳುಗಳೂ ಬೇಳೆಕಾಳುಗಳೂ ಬಿಗಿದುಕೊಂಡು ಮೆತ್ತಗಾಗುವುದಿಲ್ಲ. ಹೊಸ ತರಕಾರಿಯೊಂದನ್ನು ಪರೀಕ್ಷಿಸಿ ನೋಡುವವರು ‘ಇದು ಬೇಯುವುದೇ ಇಲ್ಲ’ ಎಂದು ದೂರುವಾಗ ಹೆಚ್ಚಿನ ಸಲ ಕಾರಣ ಇದೇ ಆಗಿರುತ್ತದೆ. ಮಜ್ಜಿಗೆ ಹುಳಿಯಲ್ಲಿ ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿ, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆಗಳೊಂದಿಗೆ ರುಬ್ಬಿ ಹಾಕುವುದೂ ಸುಮ್ಮನೆ ಅಲ್ಲ. ಮಜ್ಜಿಗೆ ಒಡೆಯದಂತೆ ಅದು ಹಿಡಿದಿಡುತ್ತದೆ. ಆದರೂ ಮಜ್ಜಿಗೆ ಸುರಿದ ಮೇಲೆ ನೊರೆ ಉಕ್ಕಿ ಬರುವವರೆಗೆ ಕಾಯಿಸಿ ಇಳಿಸಿಬಿಡಿ, ಮರಳಲು ಬಿಡಬೇಡಿ.

ಪ್ರಶ್ನೆ: ಪೇಟೆಯಲ್ಲಿ ಎಲ್ಲವೂ ವರ್ಷವಿಡೀ ಸಿಗುತ್ತದೆ. ಯಾವ ತರಕಾರಿಗೆ ಯಾವುದು ಕಾಲವೆಂದು ಗುರುತಿಸುವುದು ಹೇಗೆ?
– ವಿದ್ಯಾರ್ಥಿ, ತುಮಕೂರು

ಉತ್ತರ: ಸಂತೆಯಲ್ಲಿ ಒಂದು ಸುತ್ತು ಹಾಕಿ, ಅತಿ ಹೆಚ್ಚು ಗುಡ್ಡೆ ಬಿದ್ದಿರುವುದು, ಅತಿ ಅಗ್ಗವಾಗಿರುವುದು, ಚಿಕ್ಕ ರೈತರೂ ಗೋಣಿ ಹಾಸಿ ಮಾರುತ್ತಿರುವುದು ಯಾವುದೆಂದು ನೋಡಿ; ಅದರ ಕಾಲವೇ ಆಗಿರುತ್ತದೆ. ಯುಗಾದಿಯ ಹೊತ್ತಿಗೆ ಮಾವಿನಕಾಯಿ, ಬೇಸಿಗೆಯಿಂದ ಮಳೆಗಾಲದ ಮೊದಲ ದಿನಗಳವರೆಗೆ ಹಲಸು, ಆಷಾಢದಲ್ಲಿ ಕೆಸುವಿನ ಎಲೆ ಮತ್ತು ಕಳಲೆ (ಎಳೆ ಬಿದಿರು), ಮಾಗಿಯ ಚಳಿಗೆ ಅವರೆಕಾಯಿ ಇವು ಈಗಲೂ ಕಾಲ ತಪ್ಪದೆ ಬರುತ್ತವೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಹಾಪ್‌ಕಾಮ್ಸ್ ಮಾವು, ಹಲಸಿನ ಮೇಳಗಳನ್ನು ನಡೆಸುವುದೂ ಈ ಕಾಲಗಳನ್ನು ಅನುಸರಿಸಿಯೇ. ಅವರೆ ಕೊಳ್ಳುವಾಗ ಸಿಪ್ಪೆಯನ್ನು ಬೆರಳಿನಿಂದ ತಿಕ್ಕಿ ಮೂಸಿ ನೋಡಿ. ಜಿಡ್ಡೂ ಸೊಗಡೂ ಕೈಗೆ ಹತ್ತದಿದ್ದರೆ ಬೆಲೆ ಕಡಿಮೆಯೆಂದು ಕೊಳ್ಳಬೇಡಿ.

ಪ್ರಶ್ನೆ: ವಾರದ ಕೊನೆಗೆ ಒಂದು ಹಿಡಿ ಮೆಂತ್ಯ, ನಾಲ್ಕು ಎಲೆ ಪಾಲಕ್, ಒಂದೇ ಒಂದು ಬದನೆಕಾಯಿ, ಎರಡು ಗಜ್ಜರಿ, ಹಿಡಿಯಷ್ಟು ಹಸಿಕಾಳು ಹೀಗೆ ಚೂರುಪಾರು ಉಳಿಯುತ್ತವೆ. ಯಾವುದೂ ಒಂದು ಪಲ್ಯಕ್ಕೆ ಸಾಲುವುದಿಲ್ಲ. ಎಸೆಯಲು ಮನಸ್ಸಿಲ್ಲ.
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ನಿಮ್ಮ ಪಟ್ಟಿ ಓದಿದಾಗ ಕಲಬುರಗಿ, ಬೀದರ್ ಕಡೆಯ ಎಳ್ಳಮಾವಾಸ್ಯೆಯ ಭಜ್ಜಿಯೇ ಕಣ್ಣ ಮುಂದೆ ಬಂತು. ಹೊಲಕ್ಕೆ ಹೋಗಿ ಪೂಜೆ ಮಾಡಿ, ಚರಗ ಚೆಲ್ಲಿ, ಎಲ್ಲರೂ ಕೂತು ಉಣ್ಣುವ ಆ ದಿನ ಸಜ್ಜೆಯ ರೊಟ್ಟಿಯ ಜತೆಗಿರುವ ಭಜ್ಜಿಗೆ ಆಗ ಹೊಲದಲ್ಲಿ ಹಸಿರಾಗಿರುವುದೆಲ್ಲವೂ ಬೀಳುತ್ತದೆ: ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಬದನೆ, ಗಜ್ಜರಿ. ಎಲ್ಲವನ್ನೂ ಬೇಯಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕದಡಿ ಹಾಕಿ ಗಟ್ಟಿ ಮಾಡಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾರೆ. ಮನೆಮನೆಗೂ ಅಳತೆ ಬೇರೆ, ಏಕೆಂದರೆ ಇದು ಮೊದಲಿಂದಲೂ ಇದ್ದದ್ದರಲ್ಲಿ ಮಾಡುವ ಅಡುಗೆ. ಹಬ್ಬಕ್ಕೆ ಕಾಯದೆ ಪ್ರತಿ ಶುಕ್ರವಾರ ಚಿಕ್ಕ ಭಜ್ಜಿ ಮಾಡಿಕೊಳ್ಳಿ. ಕಾಳು ಮತ್ತು ಗಜ್ಜರಿ ಮೊದಲು, ಬದನೆ ನಂತರ, ಸೊಪ್ಪು ಕೊನೆಗೆ. ಕಡಲೆಹಿಟ್ಟನ್ನು ಒಣಗಿದ್ದಂತೆಯೇ ಉದುರಿಸಿದರೆ ಗಂಟು ಕಟ್ಟುತ್ತದೆ. ತಣ್ಣೀರಿನಲ್ಲಿ ಕದಡಿ ಸುರಿದು, ಹಸಿವಾಸನೆ ಹೋಗುವಷ್ಟು ಹೊತ್ತು ಕುದಿಸಿ.

ಒಂದು ಹಿಡಿ ಸೊಪ್ಪು ಮಾತ್ರ ಉಳಿದಿದ್ದರೆ ಮಲೆನಾಡಿನವರ ತಂಬುಳಿ ಸಾಕು. ಸೊಪ್ಪನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನೊಂದಿಗೆ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕಲಸಿಕೊಳ್ಳಿ. ಮತ್ತೆ ಒಲೆಯ ಮೇಲಿಡುವ ಗೊಡವೆಯಿಲ್ಲ.

ಪ್ರಶ್ನೆ: ಮದುವೆಯಾಗಿ ಬಯಲುಸೀಮೆಯಿಂದ ಇಲ್ಲಿಗೆ ಬಂದವಳು ನಾನು. ಪಕ್ಕದ ತೋಟದವರು ಪ್ರೀತಿಯಿಂದ ಕೆಸುವಿನ ಎಲೆ, ಕಳಲೆ, ಸೋರೆಕಾಯಿ ಕೊಡುತ್ತಾರೆ. ಕೆಸು ಹೆಚ್ಚಿದರೆ ಕೈ ತುರಿಸುತ್ತದೆ, ತಿಂದರೆ ಗಂಟಲು. ಕಳಲೆಯನ್ನು ಹಾಗೆಯೇ ಬೇಯಿಸಬಹುದೇ?
– ಓದುಗರು, ಸಾಗರ

ಉತ್ತರ: ಕಳಲೆಯನ್ನು ಹಾಗೆಯೇ ಬೇಯಿಸಬಾರದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶಗಳಿವೆ. ಅದಕ್ಕೇ ಮಲೆನಾಡು, ಕೊಡಗು, ಕರಾವಳಿಗಳಲ್ಲಿ ಅದನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಟ್ಟು ಬಳಸುತ್ತಾರೆ. ಮೊದಲ ಸಲ ಮಾಡುವವರು ನೆನೆಸಿದ ಮೇಲೆ ಒಮ್ಮೆ ಮುಚ್ಚಳ ತೆಗೆದು ಕುದಿಸಿ, ಆ ನೀರನ್ನೂ ಚೆಲ್ಲಿ. ಆಮೇಲೆ ಪಲ್ಯಕ್ಕೂ ಹುಳಿಗೂ ಅಡ್ಡಿಯಿಲ್ಲ.

ಕೆಸುವಿನ ತುರಿಕೆಗೆ ಕಾರಣ ಅದರಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಎಲೆಯ ದಪ್ಪ ನಾರನ್ನು ತೆಗೆದುಹಾಕಿ, ಹುಳಿಯನ್ನು ನಾಲಿಗೆಗೆ ತುಸು ಹೆಚ್ಚೇ ಎನಿಸುವಷ್ಟು ಹಾಕಿ, ಚೆನ್ನಾಗಿ ಬೇಯಿಸಿ. ಹುಳಿ ಕೊನೆಗೆ ಎಂದು ಮೇಲೆ ಹೇಳಿದ ಮಾತಿಗೆ ಕೆಸು ಅಪವಾದ. ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಯಲ್ಲಿ ಹಿಟ್ಟಿಗೆ ಹುಣಸೆ ಮೊದಲೇ ಸೇರಿರುತ್ತದೆ, ಎಲೆ ತೆಳುವಾದ್ದರಿಂದ ಹಬೆಯಲ್ಲಿ ಚೆನ್ನಾಗಿಯೇ ಬೇಯುತ್ತದೆ.

ಸೋರೆಕಾಯಿಯ ವಿಷಯದಲ್ಲಿ ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಹೆಚ್ಚುವ ಮುಂಚೆ ಒಂದು ಚಿಕ್ಕ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗಿದು ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿಯ ಕುಕುರ್ಬಿಟಾಸಿನ್ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ. ಕಹಿಯಾದ ಸೋರೆಕಾಯಿ ರಸವನ್ನು ಕುಡಿಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಎಚ್ಚರಿಸಿದೆ. ಕೊಟ್ಟವರು ಬೇಸರ ಮಾಡಿಕೊಂಡಾರೆಂಬ ದಾಕ್ಷಿಣ್ಯ ಇಲ್ಲಿ ಬೇಡ. ಸೌತೆಕಾಯಿಗೂ ಇದೇ ಪರೀಕ್ಷೆ.

ಪ್ರಶ್ನೆ: ಇಲ್ಲಿ ಚಳಿಗಾಲದಲ್ಲೇ ಹಣ ಕಟ್ಟಿ ತೋಟವೊಂದರ ಪಾಲುದಾರರಾದರೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರವಾರವೂ ಪೆಟ್ಟಿಗೆ ತುಂಬ ತರಕಾರಿ ಕೊಡುತ್ತಾರೆ. ಕೇಲ್, ಚಾರ್ಡ್, ಕೋಲ್ರಾಬಿ, ಟರ್ನಿಪ್, ಝುಕಿನಿ, ಫೆನೆಲ್, ರೂಬಾರ್ಬ್ ಇವುಗಳಿಂದ ಅನ್ನದ ಜತೆ ಕಲಸಿ ಉಣ್ಣುವಂಥದ್ದು ಏನಾದರೂ ಮಾಡಬಹುದೇ? ಅತ್ತೆಯವರು ಬಂದಿದ್ದಾರೆ, ಸಲಾಡ್ ಅವರಿಗೆ ಸೇರದು.
– ಓದುಗರು, ನ್ಯೂಜೆರ್ಸಿ, ಅಮೆರಿಕ

ಉತ್ತರ: ಅತ್ತೆಯವರ ಕೈಗೇ ಪೆಟ್ಟಿಗೆಯನ್ನು ಕೊಟ್ಟು ನೋಡಿ, ಕೋಲ್ರಾಬಿಯನ್ನು ಕಂಡೊಡನೆ ಅವರು ‘ಇದು ನಮ್ಮ ನವಿಲುಕೋಸಲ್ಲವೇ’ ಎನ್ನುತ್ತಾರೆ. ಟರ್ನಿಪ್ಪನ್ನು ಮೂಲಂಗಿಯಂತೆ ಹುಳಿಗೆ ಹಾಕಿ. ಚಾರ್ಡ್ ಮತ್ತು ಬೀಟ್ರೂಟ್ ಒಂದೇ ಪ್ರಭೇದದ ಗಿಡಗಳು, ಆದ್ದರಿಂದ ಬೀಟ್ರೂಟಿನ ಎಲೆಯನ್ನು ಎಸೆಯದೆ ಎರಡನ್ನೂ ಕೂಡಿಸಿ ಬಳಸಬಹುದು. ದಪ್ಪ ದಂಟನ್ನು ಹೆಚ್ಚಿ ಮೊದಲು ಬೇಯಿಸಿ, ಎಲೆಯನ್ನು ಕೊನೆಯ ಎರಡು ನಿಮಿಷಕ್ಕೆ ಸೇರಿಸಿದರೆ ಒಳ್ಳೆಯ ಮಸ್ಸೊಪ್ಪು ಆಗುತ್ತದೆ. ಕೇಲ್ ಒರಟು ಸೊಪ್ಪು. ನಡುವಿನ ನಾರು ಬಿಡಿಸಿ, ಸಣ್ಣಗೆ ಹೆಚ್ಚಿ, ನಮ್ಮ ಸೊಪ್ಪುಗಳಿಗಿಂತ ಎರಡರಷ್ಟು ಹೊತ್ತು ಬೇಯಿಸಿ, ಅಲಸಂದೆ ಕಾಳಿನೊಂದಿಗೆ ಬಸ್ಸಾರು ಮಾಡಿ.

ಝುಕಿನಿ ಆಗಸ್ಟ್‌ನಲ್ಲಿ ಬೇಡವೆಂದರೂ ಬರುತ್ತದೆ. ಎಳೆಯದಾದರೆ ಹೀರೆಕಾಯಿಯ ಬದಲು ತೊವ್ವೆಗೆ, ಬಲಿತು ದಪ್ಪವಾಗಿದ್ದರೆ ಬೀಜ ತೆಗೆದು ಬೂದುಗುಂಬಳದ ಬದಲು ಮಜ್ಜಿಗೆ ಹುಳಿಗೆ. ಇನ್ನೂ ಮಿಕ್ಕರೆ ತುರಿದು, ನೆನೆಸಿದ ಅಕ್ಕಿಯೊಂದಿಗೆ ರುಬ್ಬಿ ದೋಸೆ ಹುಯ್ಯಿರಿ. ಕಾಯಿಯಲ್ಲೇ ನೀರಿರುವುದರಿಂದ ರುಬ್ಬುವಾಗ ನೀರು ಸೇರಿಸಬೇಡಿ. ಫೆನೆಲ್ ಗಡ್ಡೆಗೆ ಸೋಂಪಿನ ಪರಿಮಳವಿರುವುದರಿಂದ ಹುಳಿಗೆ ಅದು ಹೊಂದುವುದೇ ಇಲ್ಲವೆಂದು ನನ್ನ ಖಚಿತ ಅಭಿಪ್ರಾಯ. ತೆಳ್ಳಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ, ನಿಂಬೆರಸಗಳೊಂದಿಗೆ ಕೋಸಂಬರಿ ಮಾಡಿದರೆ ಹಿತವಾಗಿರುತ್ತದೆ. ಸಲಾಡ್ ಒಲ್ಲದ ಅತ್ತೆಯವರು ಕೋಸಂಬರಿಯನ್ನು ಒಲ್ಲೆ ಎನ್ನಲಾರರು.

ರೂಬಾರ್ಬಿನ ಕೆಂಪು ದಂಟು ಗಟ್ಟಿ ಹುಳಿ. ಹುಣಸೆಯ ಬದಲಿಗೆ ಅದನ್ನೇ ಬೇಯಿಸಿ, ಬೆಲ್ಲ, ಹುರಿದ ಎಳ್ಳು, ಒಣಮೆಣಸಿನಕಾಯಿಗಳ ಮಸಾಲೆಯೊಂದಿಗೆ ಗೊಜ್ಜು ಮಾಡಬಹುದು. ಆದರೆ ಅದರ ಎಲೆ ವಿಷ, ಸೊಪ್ಪೆಂದು ಭ್ರಮಿಸಿ ಯಾರೂ ಪಲ್ಯಕ್ಕೆ ಹೆಚ್ಚದಂತೆ ಪೆಟ್ಟಿಗೆಯಿಂದ ತೆಗೆದೊಡನೆ ಕತ್ತರಿಸಿ ಎಸೆದುಬಿಡಿ. ಅಕ್ಟೋಬರಿನಲ್ಲಿ ಹಿಮ ಬೀಳುವ ಮುಂಚೆ ತೋಟದವರು ಹಣ್ಣಾಗದ ಹಸಿರು ಟೊಮೆಟೊಗಳನ್ನು ಕಿತ್ತು ಕೊಟ್ಟರೆ ಅವನ್ನು ಎರಡು ಪಾಲು ಮಾಡಿ. ತುಸುವಾದರೂ ಬಣ್ಣ ತಿರುಗಿದವುಗಳನ್ನು ಕಾಗದದಲ್ಲಿ ಸುತ್ತಿ ಮನೆಯೊಳಗಿಟ್ಟರೆ ಹಣ್ಣಾಗುತ್ತವೆ. ಪೂರ್ತಿ ಹಸಿರಾಗಿರುವುದನ್ನು ಹಸಿಮೆಣಸಿನಕಾಯಿ, ಕಡಲೆಬೀಜಗಳೊಂದಿಗೆ ಹುರಿದು ಚಟ್ನಿ ರುಬ್ಬಿ. ಅದಕ್ಕೆ ಹುಣಸೆಹಣ್ಣು ಬೇಕಿಲ್ಲ, ಕಾಯಿಯ ಹುಳಿಯೇ ಸಾಕಾಗುತ್ತದೆ.